ಗೌಡ ಸಿಗೋತನಕ

ತಗಡನ್ನು ನಮ್ಮ ಕಡೆಗೆ ಎತ್ತಬೇಕು, ಆಚೆ ಕಡೆಗೆ ಎತ್ತಬಾರದು. ಶಾನವಾಜ ಇದನ್ನು ಮೊದಲ ದಿನವೇ ಹೇಳಿಕೊಟ್ಟಿದ್ದ. ಹಾಗೆ ಎತ್ತಿದರೆ ತಗಡೇ ನಮಗೆ ಅಡ್ಡ ನಿಲ್ಲುತ್ತದೆ, ಕೆಳಗಿದ್ದದ್ದು ಆ ಕಡೆ ಹರಿದು ಹೋಗುತ್ತದೆ, ಕಾಲಿಗೆ ಬರುವುದಿಲ್ಲ.

ಹಾಗೆಯೇ ಎತ್ತಿದೆ. ಒಂದು ಕಪ್ಪೆ ಇತ್ತು, ಬಾಲ ಕಡಿದ ಹಲ್ಲಿ ಇತ್ತು, ಇರುವೆಯ ಮೊಟ್ಟೆ ಇದ್ದವು. ಮೆಲ್ಲಗೆ ಮತ್ತೆ ಇಳಿಸಿದೆ. ಸೊಂಟ ಹಿಡಿದುಕೊಂಡಿತು.

"ಇಲ್ಲೇನ್ರಿ ದೇವವ್ವಾರ?" ಕೆರೆದಂಡೆಯ ಜೇಕು ಹುಲ್ಲಿನ ಒಳಗಿನಿಂದ ಶಾನವಾಜ ಕೇಳಿದ.

"ಇಲ್ಲಪಾ."

"ಇರ್ಲಿ. ಮುಂದಿಂದು ನೋಡ್ರಿ."

ಶಾನವಾಜ ಲಕ್ಷ್ಮೇಶ್ವರದವನು. ಬಸ್‌ ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಅಂಗಡಿ ಇದೆ. ಯಾರ ಮನೆಯಲ್ಲಿ ಹಾವು ಬಂದರೂ ಅವನಿಗೇ ಫೋನು ಹೋಗುತ್ತದೆ. ಹಿಡಿದು ಚೀಲಕ್ಕೆ ಹಾಕಿಕೊಂಡು ಹೋಗಿ ಕಾಡಿಗೆ ಬಿಡುತ್ತಾನೆ. ಮನೆಯಿಂದ ಹಾವು ಹೊರಗೆ ಹಾಕುವುದು ಅವನಿಗೆ ಗೊತ್ತಿತ್ತು. ಹೊರಗಿನ ಹಾವನ್ನು ಹುಡುಕಿ ಮನೆಗೆ ತಾ ಎಂದು ಕೇಳಿದವಳು ನಾನೊಬ್ಬಳೇ ಅಂತೆ. ಆದರೂ ಬಂದ. ಅಂಗಡಿಯಲ್ಲಿ ಬಿದ್ದಿದ್ದ ಹಳೇ ತಗಡುಗಳನ್ನೆಲ್ಲ ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದು ಕೆರೆಯ ದಂಡೆಗುಂಟ ಹಾಸಿದ. ಬಿಸಿಲು ಬಿದ್ದು ತಗಡು ಕಾದರೆ ಅದರ ಕೆಳಗೆ ಬೆಚ್ಚಗಾಗುತ್ತದೆ, ಹಾವು ಬಂದು ಮಲಗುತ್ತದೆ ಅಂದ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಆದರೂ ದಿನಾ ಬೆಳಿಗ್ಗೆ ಎತ್ತಿ ಎತ್ತಿ ನೋಡಿದೆವು.

ನಮ್ಮ ಕೆರೆ ಮೊದಲು ಹೀಗಿರಲಿಲ್ಲ. ನಾನು ಸೊಸೆಯಾಗಿ ಬಂದಾಗ ಯುಗಾದಿಯ ಹೊತ್ತಿಗೆ ತಳ ಬಿರುಕು ಬಿಡುತ್ತಿತ್ತು, ಹುಡುಗರು ಚಿಣಿಪಣಿ ಆಡುತ್ತಿದ್ದರು. ಈಗ ಹೊಳೆಯ ನೀರು ಪೈಪಿನಲ್ಲಿ ಬಂದು ಬೀಳುತ್ತದೆ. ಬತ್ತದ ಕೆರೆಯಲ್ಲಿ ಜೇಕು ಎದೆಯೆತ್ತರ ಬೆಳೆದಿದೆ, ದಂಡೆ ವರ್ಷವಿಡೀ ಕೆಸರು. ಕಪ್ಪೆ ಬಂದವು, ಕಪ್ಪೆಯ ಹಿಂದೆ ಹಕ್ಕಿ ಬಂದವು, ಇವೂ ಬಂದವು.

ಇವೂ ಎಂದು ಬರೆದದ್ದು ರೂಢಿಯಿಂದ. ಮನೆಯಲ್ಲಿ ಎಳೆಗೂಸು ಇದ್ದಾಗ ನಮ್ಮೂರಲ್ಲಿ ಹಾವಿನ ಹೆಸರು ತೆಗೆಯುವುದಿಲ್ಲ. ಹುಳ ಅನ್ನುತ್ತೇವೆ. ಕಚ್ಚಿತು ಅನ್ನುವುದಿಲ್ಲ, ಮುಟ್ಟಿತು ಅನ್ನುತ್ತೇವೆ. ಒಂದೊಂದಕ್ಕೂ ಒಂದೊಂದು ಅಡ್ಡ ಹೆಸರು. ನಾಗರಹಾವು ದೊಡ್ಡಪ್ಪ. ಕಟ್ಟಿಗಿ ಹಾವು ಕರಿಯ. ಅದು ಮುಟ್ಟಿದರೆ ನೋವು ಸಹಿತ ಆಗುವುದಿಲ್ಲ, ಮನುಷ್ಯ ಮಲಗಿದಲ್ಲೇ ಹೋಗುತ್ತಾನೆ. ಮೂರನೆಯದೊಂದಿದೆ. ನೋಡಲು ಕರಿಯನ ಹಾಗೆಯೇ ಕಪ್ಪು ಮೈ, ಬಿಳಿ ಪಟ್ಟೆ, ಆದರೆ ಒಳಗೆ ವಿಷವಿಲ್ಲ. ಅದಕ್ಕೆ ಗೌಡ ಅನ್ನುತ್ತೇವೆ. ಪುಸ್ತಕದಲ್ಲಿ ಅದಕ್ಕೆ ತೋಳದ ಹಾವು ಅಂತ ಇದೆ ಎಂದು ಶಾನವಾಜ ಹೇಳಿದ. ನಮಗೆ ಅದು ಗೌಡನೇ.

ನಾವು ಹುಡುಕುತ್ತಿದ್ದದ್ದು ಗೌಡನನ್ನು.

* * *

ನನ್ನ ಸೊಸೆ ಮಮತಾ ಬಾಣಂತನ ಮುಗಿಸಿ, ತವರಿನಲ್ಲೇ ಪಂಚಮಿ ಮಾಡಿಕೊಂಡು, ಹಿರೇವಡ್ಡಟ್ಟಿಯಿಂದ ಕೂಸನ್ನು ಎತ್ತಿಕೊಂಡು ಬಂದ ವಾರವದು. ನಾನು ಕಟ್ಟೆಯ ಮೇಲೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕುಂತಿದ್ದೆ. ಅವಳು ಕೂಸಿನ ದುಪಟಿ ಒಗೆಯಲು ಕೆರೆಗೆ ಹೋದಳು. ಒಗೆಯುವ ಕಲ್ಲು ಅಲುಗಾಡುತ್ತಿತ್ತಂತೆ, ಕೆಳಗೆ ಕೊಟ್ಟಿದ್ದ ಚಿಪ್ಪುಗಲ್ಲನ್ನು ಸರಿಸಿದಳು. ಹಿಮ್ಮಡಿಯ ಮೇಲೆ ಏನೋ ಹಿಡಿಯಿತು. ಕೊಡವಿದಳು. ಜೇಕಿನೊಳಗೆ ಕಪ್ಪನೆಯ ಬಾಲ ಹೋದದ್ದು ಕಂಡಿತು, ಅಷ್ಟೇ. ಪಟ್ಟೆ ಎಲ್ಲಿದ್ದವೋ ತಿಳಿಯಲಿಲ್ಲ. ತಲೆ ನೋಡಲಿಲ್ಲ.

ಗದಗಿನ ಒಂದು ದವಾಖಾನೆಗೆ ಒಯ್ದೆವು. ನನ್ನ ಮಗ ಹುಲಿಗೇಶ ನಾಗಾವಿಯ ವಿಶ್ವವಿದ್ಯಾಲಯದಲ್ಲಿ ತೋಟದ ಕೆಲಸಕ್ಕಿದ್ದಾನೆ, ಅಲ್ಲಿಂದ ಓಡಿ ಬಂದ. ದಾರಿಯುದ್ದಕ್ಕೂ ನಾನು ಮಮತಾಗೆ ಹೇಳುತ್ತಲೇ ಇದ್ದೆ, "ಗೌಡ ಇರಬೇಕು ಬಿಡು, ಏನೂ ಆಗೂದಿಲ್ಲ." ಅದೇ ಮಾತು ಹುಲಿಗೇಶನ ಬಾಯಿಗೂ ಹತ್ತಿತು.

ಡಾಕ್ಟರು ಸಣ್ಣ ವಯಸ್ಸಿನವರು, ಮೈಸೂರು ಕಡೆಯವರು. "ಏನಾಯ್ತು?" ಎಂದು ಕೇಳಿದರು.

"ಗೌಡ್ರು ಮುಟ್ಯಾರ್ರಿ ಸರ," ಅಂದ ಹುಲಿಗೇಶ.

ಡಾಕ್ಟರು ಬರೆಯುವುದು ನಿಲ್ಲಿಸಿದರು. "ಯಾವ ಗೌಡರು?"

"ನಮ್ಮ ಕೆರಿ ಗೌಡ್ರರಿ."

"ಎಲ್ಲಿ ಮುಟ್ಟಿದರು?"

"ಕಾಲಿಗ್ರಿ. ಕಲ್ಲಿನ ಕೆಳಗ ಮಲಗಿದ್ದ್ರು. ಈಕಿ ಹೋಗಿ ಎಬ್ಬಿಸ್ಯಾಳ."

"ಮತ್ತೆ ಈಗ ಅವರು ಎಲ್ಲಿದ್ದಾರೆ?"

"ಜೇಕಿನ್ಯಾಗ ಹೋಗ್ಯಾರ್ರಿ. ಹುಡುಕಾಕ ಮಂದಿ ಹಚ್ಚೀವಿ."

ಡಾಕ್ಟರು ಎದ್ದು ಹೊರಗೆ ಹೋಗಿ ಪೊಲೀಸನೊಬ್ಬನನ್ನು ಕರೆದುಕೊಂಡು ಬಂದರು. ಅವನು ಊರಿಗೆ ಫೋನು ಹಚ್ಚಿ, ನಿಮ್ಮೂರ ಗೌಡ ಎಲ್ಲಿದ್ದಾನೆ, ಊರು ಬಿಟ್ಟು ಹೋಗದಂತೆ ನೋಡಿಕೊಳ್ಳಿ ಎಂದು ಯಾರಿಗೋ ತಾಕೀತು ಮಾಡಿದ. ಅಷ್ಟರಲ್ಲಿ ಬೆಟಗೇರಿಯ ಸಾಯಿಮಾ ಎಂಬ ನರ್ಸು ಒಳಗೆ ಬಂದಳು. ಎರಡು ಮಾತು ಕೇಳಿದ್ದೇ ಹಣೆ ಚಚ್ಚಿಕೊಂಡಳು. "ಸರ, ಹುಳಾ ರೀ. ಹಾವು. ಇವ್ರು ಹೆಸರು ಹಿಡದು ಹೇಳೂದಿಲ್ಲ."

ಆಮೇಲೆ ಡಾಕ್ಟರು ಏನೂ ಕಡಿಮೆ ಮಾಡಲಿಲ್ಲ. ರಕ್ತ ತೆಗೆದು ನೋಡಿದರು, ಕಣ್ಣುರೆಪ್ಪೆ ಎತ್ತಿ ನೋಡಿದರು, ಒಂದು ಹಗಲು ಒಂದು ರಾತ್ರಿ ಮಲಗಿಸಿಕೊಂಡು ಗಳಿಗೆಗೊಮ್ಮೆ ಬಂದು ಮಾತಾಡಿಸಿದರು. ವಿಷ ಏರಿಲ್ಲ, ಕೂಸಿಗೆ ಹಾಲು ಕುಡಿಸಬಹುದು, ಧಾರಾಳವಾಗಿ ಕುಡಿಸಿ ಎಂದರು. ಕಾಲಿಗೆ ಪಟ್ಟಿ ಕಟ್ಟಿ ಕಳಿಸಿದರು.

ಮನೆಗೆ ಬಂದು ಕೂಸನ್ನು ಅವಳ ತೊಡೆಯ ಮೇಲೆ ಇಟ್ಟೆ. ಮಮತಾ ಸೆರಗು ಬಿಗಿಯಾಗಿ ಸುತ್ತಿಕೊಂಡಳು.

"ಕುಡಸೂದಿಲ್ಲ ಅತ್ತಿ."

"ಡಾಕ್ಟರ್ ಹೇಳ್ಯಾರಲ್ಲ ಯವ್ವಾ."

"ಅವ್ರಿಗೆ ಹುಳ ಯಾವುದು, ಮನಷ್ಯಾ ಯಾವ ಅನ್ನೂದ ತಿಳೀಲಿಲ್ಲ. ವಿಷ ಐತೋ ಇಲ್ಲೋ ಹೆಂಗ ತಿಳೀತೈತಿ?"

ತಪ್ಪು ಅವರದಲ್ಲ, ನಮ್ಮ ಮಾತಿನದು ಎಂದು ಹೇಳಿದೆ. ಹೇಳಿದರೆ ಯಾರು ಕೇಳುತ್ತಾರೆ? ಅವಳ ದೊಡ್ಡವ್ವಗೆ ಹಿಂದೆ ಹೊಲದಲ್ಲಿ ಹುಳ ಮುಟ್ಟಿತ್ತಂತೆ. ದೊಡ್ಡವ್ವ ಉಳಿದಳು, ಅವಳ ಹಾಲು ಕುಡಿದ ಕೂಸು ಉಳಿಯಲಿಲ್ಲ ಎಂದು ಹಿರೇವಡ್ಡಟ್ಟಿಯಲ್ಲಿ ಈಗಲೂ ಆಡುತ್ತಾರಂತೆ. ಆ ಕೂಸು ಯಾತಕ್ಕೆ ಹೋಯಿತೋ. ಆಗಿನ ಕಾಲದಲ್ಲಿ ಕೂಸುಗಳು ಕೆಮ್ಮಿಗೆ ಹೋಗುತ್ತಿದ್ದವು, ಬೇಧಿಗೆ ಹೋಗುತ್ತಿದ್ದವು, ಏನೂ ಇಲ್ಲದೆಯೂ ಹೋಗುತ್ತಿದ್ದವು. ಆದರೆ ಎದೆ ತುಂಬಿಕೊಂಡು ಕುಂತ ಹೆಣ್ಣುಮಗಳ ಮುಂದೆ ಈ ಮಾತು ಹೇಗೆ ಆಡುವುದು?

ಕಾಲಿನ ಪಟ್ಟಿಯನ್ನೂ ಬಿಚ್ಚಗೊಡಲಿಲ್ಲ. ಬಿಚ್ಚಿದರೆ ತಡೆದು ನಿಂತ ವಿಷ ಮೇಲೇರುತ್ತದೆ ಎಂದು ಅದರ ಮೇಲೆ ಇನ್ನೊಂದು ಅರಿವೆ ಸುತ್ತಿ, ಅರಿಶಿನ ಕಲಸಿ ಮೆತ್ತಿಕೊಂಡಳು.

ಹಾಲು ಮಾತ್ರ ತಡೆಯಲಿಲ್ಲ. ಕೂಸು ಅತ್ತಾಗಲೆಲ್ಲ ಕುಬಸ ತೊಯ್ಯುತ್ತಿತ್ತು. ಮೂಲೆಗೆ ಮುಖ ಮಾಡಿ ಕುಂತು ಹಿಂಡಿ ಹಿಂಡಿ ಕಂಚಿನ ಬಟ್ಟಲಿಗೆ ತುಂಬುತ್ತಿದ್ದಳು. ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕುಂಟುತ್ತ ಹಿತ್ತಲಿಗೆ ಹೋಗಿ, ಬೇವಿನ ಬುಡದ ಹುತ್ತಕ್ಕೆ ಎರೆದು ಬರುತ್ತಿದ್ದಳು. ಪಂಚಮಿ ಮುಗಿದರೂ ನಮ್ಮ ಮನೆಯಲ್ಲಿ ಹಾಲೆರೆಯುವುದು ಮುಗಿಯಲಿಲ್ಲ. ಒಳಗೆ ಕೂಸು ನೀರು ಬೆರೆಸಿದ ಎಮ್ಮೆ ಹಾಲನ್ನು ಬಾಟ್ಲಿಯಲ್ಲಿ ಕುಡಿದು, ಕುಡಿದದ್ದರಲ್ಲಿ ಅರ್ಧ ಕಕ್ಕಿ, ಹೊಟ್ಟೆ ಹಿಡಿದುಕೊಂಡು ಅಳುತ್ತಿತ್ತು. ಅದರ ತೊಡೆಯ ಮಡಿಕೆಗಳು ದಿನಕ್ಕೊಂದರಂತೆ ಸಡಿಲಾದವು.

ಹುಲಿಗೇಶ ಬೈದು ನೋಡಿದ, ಕೈಮುಗಿದು ನೋಡಿದ. ಕೊನೆಗೆ ಮಮತಾನೇ ಒಂದು ಮಾತು ಹೇಳಿದಳು.

"ಆ ಕೆರಿಯಾಗ ಗೌಡ ಅದಾನ ಅಂತೀರಲ್ಲ, ತಂದು ತೋರಸ್ರಿ. ನನ್ನ ಕಣ್ಣಿಲೆ ನೋಡ್ತೀನಿ. ನೋಡಿ ಖಾತ್ರಿ ಆದ್ರ ಕುಡಸ್ತೀನಿ. ನೀವು ಸಮಾಧಾನಕ್ಕ ಹೇಳಿದ ಗೌಡ ನನಗ ಬ್ಯಾಡ."

ಅವಳು ಹಾಗೆ ಅಂದ ದಿನ ಬಟ್ಟಲು ತುಂಬಿ ಚೆಲ್ಲುತ್ತಿತ್ತು. ಎಷ್ಟು ದಿನ ಕೂಸು ಬಾಯಿ ಹಚ್ಚುವುದಿಲ್ಲವೋ ಅಷ್ಟು ದಿನ ಹಾಲು ಕಡಿಮೆಯಾಗುತ್ತ ಹೋಗುತ್ತದೆ. ಮೊಲೆ ಹಿಂಡಿದರೆ ಬರುವುದಲ್ಲ, ಕೂಸು ಕೇಳಿದರೆ ಬರುವುದು ಅದು. ನಾನು ಅದನ್ನು ಬಲ್ಲೆ. ಬಟ್ಟಲು ಒಣಗುವುದರೊಳಗೆ ಗೌಡ ಸಿಗಬೇಕಾಗಿತ್ತು.

* * *

ಹುಡುಕುವುದೆಂದರೆ ನಡೆಯುವುದಲ್ಲ, ಬಗ್ಗುವುದು. ಬಗ್ಗಿ ಕಲ್ಲು ಹೊರಳಿಸಬೇಕು, ನೋಡಬೇಕು, ಇದ್ದ ಹಾಗೆಯೇ ಮತ್ತೆ ಇಡಬೇಕು. ಸತ್ತ ಜೇಕಿನ ರಾಶಿಯನ್ನು ಕೋಲಿನಿಂದ ಕೆದರಬೇಕು. ಒಡ್ಡಿನ ಕಲ್ಲುಗಳ ಸಂದಿಯಲ್ಲಿ ಶಾನವಾಜ ಮೊಬೈಲಿನ ಬೆಳಕು ಬಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಕೆಸರು ಮೊಣಕಾಲಿನತನಕ ಹಿಡಿದು ಎಳೆಯುತ್ತಿತ್ತು, ಒಂದು ಕಾಲು ಕಿತ್ತರೆ ಇನ್ನೊಂದು ಹೂತಿರುತ್ತಿತ್ತು. ನೀರೊಳ್ಳೆ ಹಾವು ಬೇಕಾದಷ್ಟು ಸಿಕ್ಕವು. ಒಮ್ಮೆ ಕೇರೆ ಹಾವೊಂದು ನನ್ನ ಕೋಲಿನ ಮೇಲೆಯೇ ಹಾದು ಹೋಯಿತು. ಗೌಡ ಮಾತ್ರ ಇಲ್ಲ.

"ಕತ್ತಿನ ಕಡೆ ಪಟ್ಟಿ ಅಚ್ಚಾಗಿದ್ದು, ಬಾಲದ ಕಡೆ ಮಾಸಿದ್ರ ಗೌಡ," ಎಂದು ಶಾನವಾಜ ಪಾಠ ಹೇಳಿದ. "ಕತ್ತಿನ ಕಡೆ ಬೋಳಾಗಿದ್ದು, ಬಾಲದ ಕಡೆ ಜೋಡಿ ಜೋಡಿ ಪಟ್ಟಿ ಇದ್ರ ಕರಿಯ. ಕರಿಯ ಕಂಡ್ರ ನೀವು ಬಗ್ಗಬ್ಯಾಡ್ರಿ, ನನ್ನ ಒದರ್ರಿ."

"ಬಗ್ಗಿದ ಮ್ಯಾಲ ಕಾಣತೈತಲ್ಲೋ ತಮ್ಮಾ."

"ಅದೂ ಖರೆ."

ಮೂರನೆಯವರೊಬ್ಬರು ಹುಡುಕಾಟಕ್ಕೆ ಬಂದು ಕೂಡಿಕೊಂಡರು. ಊರ ಹೇಮಪ್ಪಗೌಡರು. ಪೊಲೀಸನ ಫೋನು ಬಂದ ದಿನ ಅವರು ಉಣ್ಣುತ್ತಿದ್ದರಂತೆ. ಅರ್ಧ ತಾಟಿನಲ್ಲೇ ಎಬ್ಬಿಸಿ, ಯಾರ ಸೊಸೆಯ ಕಾಲು ಮುಟ್ಟಿದಿರಿ ಎಂದು ಕೇಳಿದರೆ ಏನು ಹೇಳುತ್ತಾರೆ? ಸುದ್ದಿ ತಿಳಿಯಾಗುವಷ್ಟರಲ್ಲಿ ಅವರ ಹೆಂಡತಿ ಮಂಜವ್ವ ಪಡಸಾಲೆಗೆ ಅವರ ಹಾಸಿಗೆ ತಂದು ಎಸೆದಿದ್ದಳು.

ಗೌಡರು ಕೊಡೆ ಹಿಡಿದುಕೊಂಡು ಬಂದು, ಒಗೆಯುವ ಜಾಗದ ಪಕ್ಕದಲ್ಲಿದ್ದ ಅಗಲ ಚಪ್ಪಡಿಯ ಮೇಲೆ ಕುಂತರು. ಆ ಚಪ್ಪಡಿ ಅವರ ಮುತ್ಯಾ ಹಾಕಿಸಿದ್ದು. ಗೌಡರ ಮನೆಯವರು ಕೆರೆಗೆ ಬಂದರೆ ಕುಂಡ್ರುವುದು ಅದರ ಮೇಲೆಯೇ.

"ನನ್ನ ಹೆಸರು ಹೊತ್ತಂವ ಯಾವ ಅಂತ ನೋಡಾಕ ಬಂದೇನಿ," ಅಂದರು. "ಅಲ್ಲಬೇ ದೇವವ್ವಾ, ಆ ಹುಳಕ್ಕ ಗೌಡ ಅಂತ ಯಾಕ ಇಟ್ರಿ?"

"ನಾವಲ್ರಿ. ನಿಮ್ಮ ಮುತ್ಯಾರ ಕಾಲದಿಂದ ಐತಿ."

"ಅಂದ್ರ ಮುತ್ಯಾನ್ನ ನೋಡಿ ಇಟ್ಟಾರ."

"ನನಗೇನ ಗೊತ್ರಿ. ಕರೇ ಮೈ, ಬಿಳೇ ಪಟ್ಟಿ ರುಮಾಲು, ಬುಸುಗುಡೂದು ಭಾಳ."

"ವಿಷ?"

"ಇಲ್ರಿ."

ಜೇಕಿನೊಳಗೆ ಶಾನವಾಜ ಕೆಮ್ಮಿದ ಹಾಗೆ ಮಾಡಿದ.

"ನಕ್ಕಿ ಅಂದ್ರ ನಿನ್ನ ತಗಡೆಲ್ಲ ಗುಜರಿಗೆ ಹಾಕಸ್ತೀನಲೇ," ಅಂದರು ಗೌಡರು. ಅವರ ಮೀಸೆಯೂ ಅಲುಗಿತು.

ಆಮೇಲೆ ದಿನಾ ಬಂದರು. ಚಪ್ಪಡಿಯ ಮೇಲೆ ಕುಂತು, ಎಲೆಯಡಿಕೆ ಹಾಕಿಕೊಂಡು, ಆ ಕಲ್ಲು ನೋಡಿರೇನು, ಈ ಮೂಲೆ ನೋಡಿರೇನು ಎಂದು ಕೇಳುತ್ತಿದ್ದರು. ಅವರು ತೋರಿಸಿದ್ದನ್ನೆಲ್ಲ ನೋಡಿದೆವು. ಹೋಗುವಾಗ, "ಕೂಸು ಹೆಂಗೈತಿ?" ಎಂದು ಮಾತ್ರ ದಿನಾ ಕೇಳುತ್ತಿದ್ದರು. ನಾನು "ಐತ್ರಿ" ಅನ್ನುತ್ತಿದ್ದೆ.

ಬಟ್ಟಲು ಮುಕ್ಕಾಲಿಗೆ ಇಳಿಯಿತು, ಅರ್ಧಕ್ಕೆ ಬಂತು. ಶಾನವಾಜನ ತಾಯಿ ಅಲ್ಮಾಸಬಿ ಒಂದು ಡಬ್ಬಿ ಅಳವಿ ಬೀಜ ಕಳಿಸಿದ್ದಳು. ಹುರಿದು ಬೆಲ್ಲ ಹಾಕಿ ಉಂಡೆ ಕಟ್ಟಿ ಕೊಟ್ಟರೆ ಬಾಣಂತಿಯ ಹಾಲು ಹೆಚ್ಚುತ್ತದೆ ಎಂದು. ಮಮತಾ ಡಬ್ಬಿ ಮುಟ್ಟಲಿಲ್ಲ. "ಹುತ್ತಕ್ಕ ಎರಿಯೋ ಹಾಲಿಗೆ ಅಳವಿ ಯಾಕ?" ಅಂದಳು.

ಒಂದು ದಿನ ಪೈಪು ಬಂದು ಬೀಳುವ ಕಡೆಯ ತಗಡಿನ ಕೆಳಗೆ ಕಪ್ಪನೆಯದು ಸಿಂಬೆ ಸುತ್ತಿಕೊಂಡು ಮಲಗಿತ್ತು. ಬಿಳಿ ಪಟ್ಟೆ. ಶಾನವಾಜನನ್ನು ಒದರಿದೆ. ಬಂದು ನೋಡಿದವನು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

"ಕತ್ತು ನೋಡ್ರಿ."

ಕತ್ತು ಬೋಳಾಗಿತ್ತು. ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಜೋಡಿ ಪಟ್ಟೆ ಬಾಲದ ಕಡೆಗೆ ಅಚ್ಚಾಗಿದ್ದವು. ಕರಿಯ. ನಾನು ಇಷ್ಟು ದಿನ ಬರಿಗಾಲಲ್ಲಿ ತಿರುಗಿದ ಜಾಗವದು. ಶಾನವಾಜ ಕೊಕ್ಕೆಯಿಂದ ಎತ್ತಿ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ದೂರದ ಗುಡ್ಡಕ್ಕೆ ಬಿಡಲು ಹೋದ.

ಈ ಮಾತು ಮನೆಯಲ್ಲಿ ಆಡುವುದಿಲ್ಲ ಎಂದುಕೊಂಡು ಹೋದೆ. ನನಗಿಂತ ಮೊದಲೇ ಸುದ್ದಿ ಹೋಗಿ ಕುಂತಿತ್ತು. ಮಮತಾ ತೊಟ್ಟಿಲ ಹಗ್ಗ ಹಿಡಿದುಕೊಂಡು, ನನ್ನ ಕಡೆ ನೋಡದೆ ಅಂದಳು:

"ಕರಿಯನ ಅದಾನಂತಲ್ಲ ಆ ಕೆರಿಯಾಗ."

"ಕರಿಯ ಮುಟ್ಟಿದ್ರ ನೀ ಇಷ್ಟು ದಿನ ಕುಂತು ಮಾತಾಡ್ತಿದ್ದಿ?"

"ದೊಡ್ಡವ್ವನೂ ಮಾತಾಡ್ತಿದ್ಲು."

ಅವತ್ತು ಬಟ್ಟಲಿನ ತಳ ಅಷ್ಟೇ ಮುಚ್ಚಿತ್ತು. ಅಷ್ಟನ್ನೇ ತೆಗೆದುಕೊಂಡು ಹೋಗಿ ಎರೆದು ಬಂದಳು. ಹುತ್ತದ ಮಣ್ಣು ಅದನ್ನು ಕುಡಿದದ್ದೂ ಕಾಣಲಿಲ್ಲ.

* * *

ಮರುದಿನ ಹೋಗಲು ಮನಸ್ಸಿರಲಿಲ್ಲ. ಮೊಣಕಾಲು ಬಾತಿದ್ದವು. ಬೆಳಿಗ್ಗೆ ಕೂಸು ಅಳುವ ದನಿ ಬೇರೆಯಾಗಿತ್ತು. ಸಣ್ಣಗೆ, ಬೆಕ್ಕಿನ ಮರಿಯ ಹಾಗೆ, ಯಾರೂ ಬರುವುದಿಲ್ಲ ಎಂದು ತಿಳಿದುಕೊಂಡವರ ಹಾಗೆ. ಆ ದನಿ ಕೇಳಿಕೊಂಡು ಮನೆಯಲ್ಲಿ ಕುಂಡ್ರಲಾಗಲಿಲ್ಲ. ಕೋಲು ತೆಗೆದುಕೊಂಡು ನಡೆದೆ.

ಮತ್ತೆ ಅವೇ ತಗಡು, ಅವೇ ಕಲ್ಲು. ಶಾನವಾಜನೂ ಆವತ್ತು ಮಾತು ಕಡಿಮೆ ಮಾಡಿದ್ದ. ಅಂಗಡಿಯಲ್ಲಿ ಗೇಟಿನ ಕೆಲಸ ನಿಂತಿದೆ, ಮಧ್ಯಾಹ್ನಕ್ಕೆ ಹೋಗಬೇಕು ಅಂದ. ಗೌಡರು ಚಪ್ಪಡಿಯ ಮೇಲೆ ಕೊಡೆ ಬಿಚ್ಚಿ ಕುಂತಿದ್ದರು. ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು.

ಒಗೆಯುವ ಕಲ್ಲನ್ನು ಇನ್ನೊಮ್ಮೆ ನೋಡೋಣ ಎಂದು ಬಗ್ಗಿದೆ. ಕಣ್ಣಿಗೆ ಕತ್ತಲೆ ಬಂತು. ಕುಂಡ್ರಬೇಕು ಎನ್ನುವುದೊಂದೇ ಗೊತ್ತಾಯಿತು. ಸುತ್ತ ಕೆಸರು. ಒಣಗಿದ್ದದ್ದು ಅದೊಂದೇ ಚಪ್ಪಡಿ.

"ಗೌಡ್ರ, ಏಳ್ರಿ," ಅಂದೆ.

ಅವರು ಎಲೆ ಅಗಿಯುವುದನ್ನು ನಿಲ್ಲಿಸಿ ನೋಡಿದರು. ನಮ್ಮೂರಲ್ಲಿ ಗೌಡರು ಕುಂತಾಗ ನಾವು ನಿಂತಿರುತ್ತೇವೆ. ಅವರನ್ನು ಏಳಿಸಿ ಆ ಜಾಗದಲ್ಲಿ ಕುಂತವರನ್ನು ನಾನು ನೋಡಿಲ್ಲ. ಹಾಗೆ ಮಾಡಬೇಕೆಂದು ಮಾಡಿದ್ದೂ ಅಲ್ಲ. ಕಾಲು ನಿಲ್ಲಲಿಲ್ಲ, ಅಷ್ಟೇ.

"ಏಳ್ರಿ ಯಪ್ಪಾ. ನಾ ಚೂರು ಕುಂಡ್ರತೀನಿ. ಸಾಕಾಗೇತಿ."

ಗೌಡರು ಎದ್ದರು. ಕೈ ಕೊಟ್ಟು ನನ್ನನ್ನು ಕೂಡ್ರಿಸಲು ಬಂದರು. ಭಾರ ತೆಗೆದ ಕೂಡಲೇ ಚಪ್ಪಡಿಯ ಒಂದು ತುದಿ ಮೆಲ್ಲಗೆ ಮೇಲೆದ್ದಿತು. ಅದು ಅಲುಗಾಡುವ ಕಲ್ಲು ಎಂದು ಅಲ್ಲಿಯತನಕ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರು ಇಲ್ಲದಾಗಲೂ ಅದನ್ನು ಮುಟ್ಟಿದವರಿಲ್ಲ.

ಶಾನವಾಜ ನೀರಿನಿಂದ ಮೇಲೆ ಬಂದು ನಿಂತ. ಚಪ್ಪಡಿಯನ್ನು ನೋಡಿದ, ನನ್ನನ್ನು ನೋಡಿದ.

"ದೇವವ್ವಾರ, ಕುಂಡ್ರಬ್ಯಾಡ್ರಿ," ಅಂದ.

ಇಷ್ಟು ದಿನ ಕೆರೆಯ ದಂಡೆಯ ಕಲ್ಲೆಲ್ಲ ಹೊರಳಿಸಿದ್ದೆವು. ಇದೊಂದನ್ನು ಬಿಟ್ಟಿದ್ದೆವು, ಗೌಡರು ಕುಂತಿದ್ದರಲ್ಲ. ಏಳಿ ಎಂದು ಹೇಳಲು ನನ್ನ ನಾಲಗೆಗೂ ಬಂದಿರಲಿಲ್ಲ, ಲಕ್ಷ್ಮೇಶ್ವರದ ಶಾನವಾಜನಿಗೂ ಹೊಳೆದಿರಲಿಲ್ಲ. ಅವನು ಹಾರೆ ಕೊಟ್ಟು ಚಪ್ಪಡಿಯನ್ನು ತನ್ನ ಕಡೆಗೆ ಎತ್ತಿದ. ಕೆಳಗೆ ಬೆಚ್ಚನೆಯ ಒಣ ಮಣ್ಣು. ಅದರಲ್ಲಿ, ಕೌದಿಯ ಅಂಚಿನ ದಾರದ ಹಾಗೆ ಮಡಚಿಕೊಂಡು, ಮೊಳಕ್ಕಿಂತ ಸ್ವಲ್ಪ ಉದ್ದದ್ದು. ಕತ್ತಿನ ಮೇಲೆಯೇ ಬಿಳಿ ಪಟ್ಟೆ, ಬಾಲದ ಕಡೆ ಮಾಸಿ ಮಾಸಿ ಇಲ್ಲವಾಗಿತ್ತು.

"ಗೌಡ ರೀ," ಅಂದ ಶಾನವಾಜ.

"ಏನೋ?" ಅಂದರು ಹೇಮಪ್ಪಗೌಡರು.

"ನೀವಲ್ರಿ."

ಗೌಡರು ಬಗ್ಗಿ ನೋಡಿದರು. "ನನ್ನ ಕುಂಡಿ ಕೆಳಗ ಇದ್ದನೇನಲೇ ಇಷ್ಟು ದಿನ," ಅಂದರು.

* * *

ಅಂಗಳಕ್ಕೆ ತಂದೆವು. ಮಮತಾ ಬಾಗಿಲ ಹೊಸ್ತಿಲ ಒಳಗೆ ನಿಂತಳು, ಕೂಸು ಹೆಗಲ ಮೇಲೆ. ಶಾನವಾಜ ಚೀಲದ ಬಾಯಿ ಬಿಚ್ಚಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಲು ಹೋದ. ಕೆರೆಯ ನೀರಿಗೆ ತೊಯ್ದ ಕೈ ಜಾರಿತೋ ಏನೋ, ಅದು ತಿರುಗಿ ಅವನ ಹೆಬ್ಬೆರಳ ಬುಡವನ್ನು ಹಿಡಿಯಿತು. ಹಿಡಿದು ಬಿಡಲಿಲ್ಲ, ಅಗಿಯಿತು. ಅವನೂ ಕೊಡವಲಿಲ್ಲ. ತಾನಾಗಿ ಬಿಡುವತನಕ ಹಲ್ಲು ಕಚ್ಚಿ ನಿಂತು, ಆಮೇಲೆ ಡಬ್ಬಿಗೆ ಇಳಿಸಿದ.

"ದವಾಖಾನಿಗೆ ನಡೀರಿ ಅಣ್ಣಾ," ಅಂದಳು ಮಮತಾ.

"ಯಾಕವಾ? ಗೌಡ ಇವ. ಸಾಬೂನು ಹಚ್ಚಿ ತೊಳಕೊಂಡ್ರ ಆತು. ಕರಿಯ ಇದ್ದಿದ್ರ ನಾ ಬರಿಗೈಲೆ ಮುಟ್ತಿದ್ದಿಲ್ಲ."

ಮಮತಾ ಡಬ್ಬಿಯ ಹತ್ತಿರ ಬಂದಳು. ಕುಕ್ಕರಗಾಲಲ್ಲಿ ಕುಂತು ಬಹಳ ಹೊತ್ತು ನೋಡಿದಳು. ಅವಳು ಏನು ಹೇಳುತ್ತಾಳೆಂದು ನಾವೆಲ್ಲ ಅವಳ ಬಾಯಿ ನೋಡುತ್ತಿದ್ದೆವು.

"ಇದ ಅಂತ ಹೆಂಗ ಹೇಳಲಿ? ನಾ ಬಾಲ ಅಷ್ಟ ನೋಡೀನಿ. ನಿನ್ನೆ ಸಿಕ್ಕಾನಲ್ಲ, ಅವಂಗೂ ಬಾಲ ಇತ್ತು."

ನಾನು ಕಟ್ಟೆಯ ಮೇಲೆ ಕುಂತುಬಿಟ್ಟೆ. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಇಷ್ಟು ದಿನ ಹುಡುಕುವಾಗ ಸಿಕ್ಕರೆ ಸಾಕು ಎಂದುಕೊಂಡಿದ್ದೆನೇ ಹೊರತು, ಸಿಕ್ಕ ಮೇಲೆ ಏನು ಎಂದು ಯೋಚಿಸಿರಲಿಲ್ಲ.

ಶಾನವಾಜ ಹಂಡೆಯ ನೀರಿನಲ್ಲಿ ಕೈ ತೊಳೆದುಕೊಂಡು ಬಂದ. ಹೆಬ್ಬೆರಳ ಬುಡದಲ್ಲಿ ರಕ್ತ ಮತ್ತೆ ಸಣ್ಣ ಸಣ್ಣ ಹನಿಯಾಗಿ ಮೂಡಿತ್ತು. ನನಗೆ ಕೌದಿ ಹೊಲಿದು ಹೊಲಿದು ಕಣ್ಣು ಹಾಗೆಯೇ ಪಳಗಿದೆ, ಬೇರೆ ಏನೂ ಯೋಚನೆ ಮಾಡದೆ ಅಂದೆ:

"ನೋಡು, ಹೊಲಿಗಿ ಟಾಕಿ ಹಾಕಿದಂಗ ಐತಿ. ಸಾಲು ಹಿಡದು, ಬಾಗಿಸಿ."

"ಗೌಡಂದು ಹಂಗ ರೀ, ಹಲ್ಲು ಸಾಲಾಗಿ ಇರ್ತಾವು," ಅಂದ ಶಾನವಾಜ. "ಕರಿಯಂದು ಹಿಂಗ ಬೀಳೂದಿಲ್ಲ. ಸೂಜಿ ಚುಚ್ಚಿದಂಗ ಒಂದೋ ಎರಡೋ. ಎಷ್ಟೋ ಸಲ ಗುರ್ತ ಸೈತ ಸಿಗೂದಿಲ್ಲ."

ಮಮತಾ ಅವನ ಕೈಯನ್ನು ನೋಡಿದಳು. ಆಮೇಲೆ ಕೂಸನ್ನು ನನ್ನ ತೊಡೆಗೆ ಹಾಕಿ, ನೆಲಕ್ಕೆ ಕುಂತು, ಕಾಲಿನ ಅರಿವೆಯ ಗಂಟಿಗೆ ಕೈ ಹಾಕಿದಳು. ಒಣಗಿದ ಅರಿಶಿನ ಹಕ್ಕಳೆಯಾಗಿ ಉದುರಿತು. ಒಳಗಿನ ಪಟ್ಟಿ ಚರ್ಮಕ್ಕೆ ಹತ್ತಿಕೊಂಡಿತ್ತು. ನೀರು ಹಚ್ಚಿ ಹಚ್ಚಿ ಬಿಡಿಸಿದಳು. ಯಾರೂ ಸಹಾಯಕ್ಕೆ ಹೋಗಲಿಲ್ಲ.

ಹಿಮ್ಮಡಿಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳು, ಸಾಲು ಹಿಡಿದು, ಬಾಗಿ ನಿಂತಿದ್ದವು.

"ಕೈ ಇಲ್ಲಿ ತರ್ರಿ ಅಣ್ಣಾ," ಅಂದಳು.

ಶಾನವಾಜ ಕೂತು, ಮುಟ್ಟದಷ್ಟು ದೂರದಲ್ಲಿ ಕೈ ಹಿಡಿದ. ಒಂದು ಹಸಿ, ಒಂದು ಒಣಗಿದ್ದು. ಒಬ್ಬಳೇ ಹೆಂಗಸು ಹಾಕಿದ ಎರಡು ಸಾಲು ಟಾಕಿಯ ಹಾಗೆ. ಮಮತಾ ಅದನ್ನು ನೋಡಿದಳು, ಇದನ್ನು ನೋಡಿದಳು. ತನ್ನ ಕಾಲಿನ ಚುಕ್ಕೆಗಳ ಮೇಲೆ ಬೆರಳು ಎಳೆದಳು. ಎದ್ದು ಒಳಗೆ ಹೋದಳು.

ಗೌಡರು ಶಾನವಾಜನಿಗೆ, "ಅವನ್ನ ಅಲ್ಲೇ ಬಿಡಪಾ, ಆ ಚಪ್ಪಡಿ ಕೆಳಗ," ಅಂದರು. "ನಾ ಬ್ಯಾರೆ ಕಲ್ಲು ನೋಡ್ಕೊಂತೀನಿ." ಇಬ್ಬರೂ ಡಬ್ಬಿ ತೆಗೆದುಕೊಂಡು ಕೆರೆಯ ಕಡೆ ಹೋದರು.

ನಾನು ಕೂಸನ್ನು ಎತ್ತಿಕೊಂಡು ಒಳಗೆ ಹೋದೆ. ಮಮತಾ ಮೂಲೆಗೆ ಮುಖ ಮಾಡಿರಲಿಲ್ಲ, ಗೋಡೆಗೆ ಆನಿಕೊಂಡು ಬಾಗಿಲಿನ ಕಡೆ ನೋಡುತ್ತ ಕುಂತಿದ್ದಳು. ಕೈ ಚಾಚಿದಳು. ಕೊಟ್ಟೆ.

ಕೂಸು ಬಾಯಿ ಹಾಕಲಿಲ್ಲ. ಮುಖ ತಿರುಗಿಸಿತು. ರಬ್ಬರಿನ ಮೊಲೆಗೆ ರೂಢಿಯಾಗಿತ್ತು ಅದಕ್ಕೆ. ಮತ್ತೆ ಹಚ್ಚಿದಳು. ಒಮ್ಮೆ ಹಿಡಿದು, ಎಳೆದು, ಏನೂ ಬರದೆ ಬಿಟ್ಟು ಒದರಿ ಅತ್ತಿತು. ಮಮತಾಳ ಕಣ್ಣಲ್ಲಿ ನೀರು ಬಂತು.

"ಒಲ್ಲೆ ಅಂತೈತಿ ಅತ್ತಿ. ಹಾಲೂ ಇಲ್ಲ."

"ಅಂತೈತಿ. ಇರ್ಲಿ, ಮತ್ತ ಹಚ್ಚು."

ಮತ್ತೆ ಹಚ್ಚಿದಳು. ಮತ್ತೆ ಬಿಟ್ಟಿತು. ಈ ಮಗ್ಗುಲು, ಆ ಮಗ್ಗುಲು. ಅತ್ತು ಅತ್ತು ಕೂಸು ಬೆವತಿತು, ತಾಯಿಯೂ ಬೆವತಳು. ನಾನು ಬಾಟ್ಲಿಯನ್ನು ಕಣ್ಣಿಗೆ ಬೀಳದ ಹಾಗೆ ಸೆರಗಿನಡಿ ಇಟ್ಟುಕೊಂಡು ಎದುರಿಗೆ ಕುಂತೆ. ಇಷ್ಟು ದಿನ ಕಲ್ಲು ಹೊರಳಿಸಿದ್ದೆನಲ್ಲ, ಇದೂ ಅಂಥದೇ ಕೆಲಸ. ಇಲ್ಲ ಅಂದರೆ ಮುಂದಿನದು.

ಹಾಗೆ ಎಷ್ಟೋ ಸಲ ಆದ ಮೇಲೆ ಕೂಸು ದಣಿದು ಕಣ್ಣು ಮುಚ್ಚಿತು. ಅರೆನಿದ್ದೆಯಲ್ಲಿ ಬಾಯಿ ತಾನಾಗಿ ಹುಡುಕಿ ಹಿಡಿಯಿತು. ಒಂದು ಸಲ ಎಳೆಯಿತು, ಎರಡು ಸಲ ಎಳೆಯಿತು, ನಿಂತಿತು. ಮತ್ತೆ ಎಳೆಯಿತು. ಅದರ ಗಂಟಲು ಗುಟುಕ್ ಅಂದದ್ದು ನನಗೂ ಕೇಳಿಸಿತು.

ಕಂಚಿನ ಬಟ್ಟಲು ಅವಳ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ತೆಗೆದುಕೊಂಡು ಏಳಲು ಹೋದೆ, ಮೊಣಕಾಲು ಬಿಡಲಿಲ್ಲ. ಇನ್ನೊಮ್ಮೆ ನೆಲಕ್ಕೆ ಕೈ ಊರಿ ಎದ್ದೆ. ಅಲ್ಮಾಸಬಿಯ ಡಬ್ಬಿಯಿಂದ ಎರಡು ಹಿಡಿ ಅಳವಿಯನ್ನು ಅದೇ ಬಟ್ಟಲಿಗೆ ಸುರುವಿಕೊಂಡು, ಒಲೆ ಹೊತ್ತಿಸಿ, ಹುರಿಯಲು ಬಾಣಲೆ ಇಟ್ಟೆ.